ಪೇಜು ವಿಮ್ಲೇಶನ ಗುರುವಾರಗಳು

ಈ ದ್ವೀಪದ ನಮ್ಮ ವುನಿತವೋಲಾ ಬಸ್ತಿಯಲ್ಲಿ ಬರೀ ವಿಮ್ಲೇಶ ಎಂದರೆ ಯಾವ ವಿಮ್ಲೇಶ ಎಂದು ಕೇಳುತ್ತಾರೆ. ಪೇಜು ವಿಮ್ಲೇಶ ಎಂದರೆ ಲಂಬಾಸಾ ಪೇಟೆಯವರೆಗೂ ಗೊತ್ತು. ಆಕ್ಲೆಂಡಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೂ ಗೊತ್ತು. ಅವಳು ಫೋನು ಮಾಡಿದರೆ ನನ್ನ ಮಂಡಿನೋವು ವಿಚಾರಿಸುವ ಮೊದಲೇ, "ವಿಮ್ಲೇಶ್ ಭೈಯ್ಯಾ ನಿಮ್ಗೋಸ್ಕರ ಎಷ್ಟ್ ಒದ್ದಾಡ್ತಿದಾರೆ ಅಲ್ವಾ ದೀದಿ?" ಎನ್ನುತ್ತಾಳೆ. ಅವನು ಒದ್ದಾಡುವುದನ್ನು ನಾನು ದಿನಾ ನೋಡುತ್ತೇನೆ. ನನ್ನ ಅಡುಗೆಮನೆಯ ಕಿಟಕಿಗೆ ಅವನ ಜಗಲಿ ನೇರಕ್ಕಿದೆ. ಚಾಪೆಯ ಮೇಲೆ ದಿಂಬಿಗೆ ಒರಗಿಕೊಂಡು, ಹೆಬ್ಬೆರಳೊಂದರಲ್ಲೇ ಒದ್ದಾಡುತ್ತಿರುತ್ತಾನೆ.

ಮೊದಲು ಕಬ್ಬಿನ ಲಾರಿ ಓಡಿಸುತ್ತಿದ್ದ. ಬೆನ್ನು ಹಿಡಿದುಕೊಂಡಿತು ಎಂದು ಬಿಟ್ಟ. ಆ ಬೆನ್ನು ಬಗ್ಗಿದ್ದನ್ನು ಅಂದಿನಿಂದ ನಾನಂತೂ ಕಂಡಿಲ್ಲ. ಹೆಂಡತಿ ಸುಭಾಷ್ನಿ ಬೆಳಗಾಗೆದ್ದು ರೊಟ್ಟಿ ಪಲ್ಯದ ಪೊಟ್ಟಣ ಕಟ್ಟಿ ಬಸ್ ಸ್ಟ್ಯಾಂಡಿನ ಅಂಗಡಿಗೆ ಕಳಿಸುತ್ತಾಳೆ, ಮನೆ ಅದರಲ್ಲೇ ನಡೆಯುತ್ತದೆ. ಇವನು ಸಮಾಜಸೇವಕ. ಕೂತಲ್ಲಿಂದ ಒಂದು ಕಡ್ಡಿ ಎತ್ತಿ ಆಚೆಗಿಡುವವನಲ್ಲ, ಮಾತು ಮಾತ್ರ ಸಮುದ್ರ ದಾಟಿ ಹೋಗುತ್ತದೆ.

ಕಳೆದ ಚಂಡಮಾರುತದಲ್ಲಿ ಗುಡ್ಡ ಜರಿದು, ಮೇಲಿನ ಊಟೆಯಿಂದ ನಮ್ಮ ಬಸ್ತಿಗೆ ಬರುತ್ತಿದ್ದ ನೀರಿನ ಪೈಪು ಕೊಚ್ಚಿಹೋಯಿತು. ಹೊಸ ಪೈಪು ಬಂದು ರಸ್ತೆ ಬದಿಯಲ್ಲಿ ಬಿತ್ತು. ಹಳೆಯ ದಾರಿ ಇಲ್ಲವಾದ್ದರಿಂದ ಇನ್ನು ಅದನ್ನು ಎಸಾಲಾ ಅವರ ಮರಗೆಣಸಿನ ಹೊಲದ ಅಂಚಿನಲ್ಲೇ ತರಬೇಕಿತ್ತು. ನಾವು ವಲಸೆ ಬಂದವರ ಮಕ್ಕಳು, ಅವರು ಈ ನೆಲದ ಮೂಲದವರು. ಆ ಗುಡ್ಡವೂ ಊಟೆಯೂ ಅವರ ಕುಲದ್ದು, ಕುಲದ ಹಿರಿಯ ಅವರು. ಅಂಥವರನ್ನು ಕೇಳುವುದು ಹೇಗೆಂದು ನಮ್ಮಲ್ಲಿ ಹಲ್ಲು ಬರದ ಮಗುವಿಗೂ ಗೊತ್ತು. ಗಂಡಸರು ಯಂಗೋನ ಎಂಬ, ಕುಡಿದರೆ ಮಂದ ಅಮಲೇರುವ ಬೇರಿನ ಒಂದು ಕಟ್ಟು ತೆಗೆದುಕೊಂಡು ಹೋಗಬೇಕು, ಚಾಪೆಯ ಮೇಲೆ ಕೂತು ಅದನ್ನು ಮುಂದಿಟ್ಟು ಕೇಳಬೇಕು. ಹಿರಿಯರು ಕಟ್ಟನ್ನು ಮುಟ್ಟಿ ಚಪ್ಪಾಳೆ ತಟ್ಟಿದರೆ ಮಾತು ಕೊಟ್ಟಂತೆ. ಆಮೇಲೆ ಅದೇ ಬೇರನ್ನು ಕುಟ್ಟಿ, ನೀರಲ್ಲಿ ಕದಡಿ, ಎಲ್ಲರೂ ಕುಡಿದು ಏಳುತ್ತಾರೆ. ಎಸಾಲಾ ಅವರ ಅಂಗಳದವರೆಗೆ ಬಾಡಿಗೆಯ ಕ್ಯಾರಿಯರ್ ಗಾಡಿಯೂ ಹೋಗುತ್ತದೆ. ನಡೆಯುವ ಕಷ್ಟವೂ ಇಲ್ಲ.

ವಿಮ್ಲೇಶ ಮಾಡಿದ್ದೇನು? ಫೇಸ್‌ಬುಕ್ಕಿನಲ್ಲಿ 'ವುನಿತವೋಲಾ ನೀರಿನ ದನಿ' ಎಂಬ ಪೇಜು ತೆರೆದ. ಖಾಲಿ ಕೊಡದ ಫೋಟೋ, ಒಣಗಿದ ನಲ್ಲಿಯ ಫೋಟೋ, ನಲ್ಲಿಯ ಪಕ್ಕ ಚಿಂತಾಕ್ರಾಂತನಾಗಿ ನಿಂತ ತನ್ನ ಫೋಟೋ. ಬ್ರಿಸ್ಬೇನಿನಿಂದ, ಆಕ್ಲೆಂಡಿನಿಂದ ಕೆಂಪು ಹೃದಯಗಳು ಸುರಿದವು. ದನಕರು ಸೇರಿಸಿ ಎಣಿಸಿದರೂ ನಮ್ಮ ಬಸ್ತಿಯಲ್ಲಿ ಅಷ್ಟು ಜೀವಗಳಿಲ್ಲ. ಒಂದು ಕೊಡ ನೀರು ಮಾತ್ರ ಎಲ್ಲಿಂದಲೂ ಬರಲಿಲ್ಲ.

ನಾನು ಬೇಲಿಯಾಚೆಯಿಂದಲೇ ಕೇಳಿದೆ. "ಏನಪ್ಪಾ, ಎಸಾಲಾ ಅವ್ರ ಹತ್ರ ಯಾವಾಗ ಹೋಗ್ತೀರ?"

"ಹಂಗೆಲ್ಲ ಒಬ್ಬೊಬ್ರೇ ನುಗ್ಗೋಕಾಗಲ್ಲ ದೀದಿ. ಮೊದ್ಲು ಜನಾಭಿಪ್ರಾಯ ರೂಪಿಸ್ಬೇಕು. ಅವ್ರನ್ನ ಪೋಸ್ಟಲ್ಲಿ ಟ್ಯಾಗ್ ಮಾಡಿದೀನಿ, ಉತ್ರಾನೇ ಕೊಟ್ಟಿಲ್ಲ ನೋಡಿ. ಗುರುವಾರ ಮೀಟಿಂಗ್ ಇಟ್ಕೊಂಡಿದೀನಿ."

ಗುರುವಾರದ ಮೀಟಿಂಗಿಗೆ ಮನೆಗೊಂದು ಹಿಡಿ ಬೇರು ಕಳಿಸಿದೆವು. ಬಿಸುನ್ ಕಾಕಾ ಬಸ್ತಿಗೆಲ್ಲ ಹಿರಿಯ, ಬೇರು ಕುಟ್ಟುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನೇ ಅದನ್ನೆಲ್ಲ ಸೇರಿಸಿ, ಪೇಪರಿನಲ್ಲಿ ಸುತ್ತಿ, ಕೆಂಪು ರಿಬ್ಬನ್ನು ಕಟ್ಟಿದ. ವಿಮ್ಲೇಶ ಫೋಟೋ ಹೊಡೆದು ಪೇಜಿಗೆ ಹಾಕಿದ. ಆಮೇಲೆ ಕಟ್ಟನ್ನು ಹಿಡಿದುಕೊಂಡು ಹೋಗುವವರು ಯಾರು ಎಂಬ ಚರ್ಚೆ ಶುರುವಾಯಿತು. ವಯಸ್ಸಿನಲ್ಲಿ ಹಿರಿಯರು ನೀವೇ ಹೋಗಿ ಎಂದ ವಿಮ್ಲೇಶ. ನಾನು ಮಾತು ಬಾರದವನು, ಪೇಜಿನ ಯಜಮಾನ ನೀನೇ ಹೋಗು ಎಂದ ಕಾಕಾ. ಉಳಿದವರು, ನನ್ನ ಗಂಡನೂ ಸೇರಿ, ಇಬ್ಬರಿಗೂ ತಲೆಯಾಡಿಸಿದರು. ಮಾತಾಡಿ ಮಾತಾಡಿ ಎಲ್ಲರ ಗಂಟಲೂ ಒಣಗಿತು.

"ಒಂಚೂರು ಬಿಚ್ಚಿ ಕುಟ್ಟೋಣ್ವಾ?" ಎಂದ ಕಾಕಾ. "ಮುಂದಿನ್ ವಾರ ತುಂಬ್ಸಿದ್ರಾಯ್ತು."

ಒಂಚೂರು ಎಂದದ್ದು ಪೂರ್ತಿಯಾಯಿತು. ಮುಂದಿನ ಗುರುವಾರ ಮತ್ತೆ ಮನೆಗೊಂದು ಹಿಡಿ, ಮತ್ತೆ ಕಟ್ಟು, ಮತ್ತೆ ಫೋಟೋ, ಮತ್ತೆ ಒಣಗಿದ ಗಂಟಲು. ಎಸಾಲಾ ಅವರಿಗೆ ಕೊಡಬೇಕಾದ ಬೇರನ್ನು ಕೊಡುವವರು ಯಾರೆಂದು ಚರ್ಚಿಸುತ್ತ ಕುಡಿದು ಮುಗಿಸುವ ಈ ಸಾಹಸ ವಾರದಿಂದ ವಾರಕ್ಕೆ ನಡೆಯಿತು. ನಾಚಿಕೆ ಎಂಬುದು ಆ ಜಗಲಿಯ ಮೆಟ್ಟಿಲನ್ನೇ ಹತ್ತಲಿಲ್ಲ.

ಇನ್ನೊಂದು ಮಾತು. ಯಂಗೋನ ಕದಡಲು ನೀರು ಬೇಕು, ಅದೂ ಬಕೆಟ್‌ಗಟ್ಟಲೆ. ನೀರಿಲ್ಲ ಎಂದು ಗೋಳಿಡುವ ಮೀಟಿಂಗಿಗೆ ಆ ನೀರನ್ನು ಹೊತ್ತು ತರುತ್ತಿದ್ದವಳು ಸುಭಾಷ್ನಿ. ಕೆಳಗಿನ ಹಳ್ಳದಿಂದ, ಜಾರುವ ದಾರಿಯಲ್ಲಿ. ಅವಳಿಗೆ ಆಗ ಹೊಟ್ಟೆ ಕಾಣುತ್ತಿತ್ತು. ಇದಕ್ಕೂ ಮೊದಲು ಎರಡು ಬಸಿರು ನಿಂತಿರಲಿಲ್ಲ. ಭಾರ ಎತ್ತಿದರೆ ಇದೂ ಉಳಿಯುವುದಿಲ್ಲ ಎಂದು ಆಸ್ಪತ್ರೆಯ ನರ್ಸು ವಿಮ್ಲೇಶನ ಮುಂದೆಯೇ ಹೇಳಿದ್ದಳು. ಬೆಳಗಿನ ನೀರನ್ನು ಅವಳ ಮನೆಗೂ ನಾನೇ ತಂದು ಹಾಕುತ್ತಿದ್ದೆ. ಆದರೆ ಗುರುವಾರ ಸಂಜೆ ಜಗಲಿಯಿಂದ "ಸುಭಾಷ್ನೀ, ನೀರೂ!" ಎಂಬ ಕೂಗು ಬಂತೆಂದರೆ ಅವಳು ಬಕೆಟ್ ಹಿಡಿದು ಹೊರಟುಬಿಡುತ್ತಿದ್ದಳು.

"ಇಡೇ ಬಕೆಟ್ಟು, ಅವ್ನೇ ತಂದ್ಕೊಳ್ಳಿ. ಕೈಕಾಲು ಬಿದ್ದೋಗಿದ್ಯಾ ಅವನಿಗೆ?" ಎಂದು ನಾನು ಬೈದರೆ, "ನಾಲ್ಕ್ ಜನರ ಮುಂದೆ ಬೇಡ ದೀದಿ. ಅವ್ರ ಮರ್ಯಾದೆ ಪ್ರಶ್ನೆ" ಎನ್ನುತ್ತಿದ್ದಳು.

ಒಂದು ಗುರುವಾರ ಹಳ್ಳದ ಏರಿನಲ್ಲಿ ಜಾರಿ ಕೂತಳು. ಅವಳ ಕೂಗು ಕೇಳಿ ನಾನು ಓಡಿದೆ. ಮಂಡಿನೋವಿನವಳು ನಾನು ಕುಂಟುತ್ತ ಹೋಗುವಷ್ಟರಲ್ಲಿ ವಿಮ್ಲೇಶ ಮುಂದೆ ಬಂದು ನಿಂತಿದ್ದ. ನಿಂತಿದ್ದ ಅಷ್ಟೇ. ಅವಳು ಕೆಸರಿನಲ್ಲಿ ಹೊಟ್ಟೆ ಅವುಚಿಕೊಂಡು ಕೂತಿದ್ದಾಳೆ, ಬಕೆಟ್ ಪಕ್ಕದಲ್ಲಿ ಉರುಳಿದೆ, ಇವನು ಫೋನನ್ನು ಅಡ್ಡ ಹಿಡಿಯುತ್ತಾನೆ, ಉದ್ದ ಹಿಡಿಯುತ್ತಾನೆ.

"ಅಲ್ಲಾಡ್ಬೇಡ, ಒಂದೇ ನಿಮಿಷ. ಇದನ್ ನೋಡಿದ್ರೆ ಎಂಥೋರಿಗೂ ಕರುಳು ಚುರುಕ್ಕನ್ನುತ್ತೆ" ಎಂದ.

ನಾನು ಅವನನ್ನು ಪಕ್ಕಕ್ಕೆ ನೂಕಿ ಅವಳನ್ನು ಎಬ್ಬಿಸಿದೆ. ಅವಳ ಸೀರೆಗೆ ರಕ್ತ ತಾಗಿತ್ತು. ಇಷ್ಟು ವರ್ಷದಲ್ಲಿ ನಾನು ಎಷ್ಟೋ ಕೈಲಾಗದ ಗಂಡಸರನ್ನು ಕಂಡಿದ್ದೇನೆ, ಇವನಷ್ಟು ಹೇಸಿಗೆ ಯಾರೂ ಹುಟ್ಟಿಸಿಲ್ಲ. 'ನಮ್ಮ ತಾಯಂದಿರ ಕಣ್ಣೀರು' ಎಂದು ಆ ಫೋಟೋ ಹಾಕಿದ. ಪೇಜಿಗೆ ಅದುವರೆಗೆ ಬಂದಿರದಷ್ಟು ಹೃದಯಗಳು ಬಂದವು.

ಆಸ್ಪತ್ರೆಯಲ್ಲಿ ಮಗು ಇನ್ನೂ ಗಟ್ಟಿಯಾಗಿದೆ ಎಂದರು. ಮತ್ತೊಮ್ಮೆ ಹೀಗಾದರೆ ನಮ್ಮ ಕೈಲಿಲ್ಲ ಎಂದೂ ಹೇಳಿ ಕಳಿಸಿದರು. ಸುಭಾಷ್ನಿ ಮಲಗಿದಲ್ಲೇ ಕೆಲವು ದಿನ ಕಳೆದಳು. ಮುಂದಿನ ಗುರುವಾರ ಮಧ್ಯಾಹ್ನ, ವಿಮ್ಲೇಶ ಉಂಡು ಗೊರಕೆ ಹೊಡೆಯುತ್ತಿದ್ದಾಗ, ತಲೆ ಬಾಚಿ ಒಳ್ಳೆಯ ಸೀರೆ ಉಟ್ಟು ನನ್ನ ಬಾಗಿಲಿಗೆ ಬಂದಳು. ಕೈಯಲ್ಲಿ ಕೆಂಪು ರಿಬ್ಬನ್ನಿನ ಕಟ್ಟು ಇತ್ತು. ಜಗಲಿಯ ಗೂಡಿನಿಂದ ಎತ್ತಿಕೊಂಡು ಬಂದಿದ್ದಳು.

"ಕ್ಯಾರಿಯರ್‌ಗೆ ಹೇಳಿದೀನಿ ದೀದಿ. ಬರ್ತೀರಾ?"

"ಗಂಡಸ್ರು ಹೋಗಿ ಕೂರೋ ಜಾಗ ಕಣೇ ಅದು."

"ಗಂಡಸ್ರು ಎಲ್ಲಿದಾರೆ, ತೋರ್ಸಿ" ಎಂದಳು.

ತೋರಿಸಲು ನನ್ನ ಹತ್ತಿರ ಯಾರೂ ಇರಲಿಲ್ಲ. ಸೆರಗು ಹೊದ್ದು ಹೊರಟೆ.

ಎಸಾಲಾ ಅವರು ಚಾಪೆ ಹಾಸಿಸಿ ಕೂರಿಸಿದರು. ನಮ್ಮ ಮಾತನ್ನು ನಮಗಿಂತ ಸ್ವಚ್ಛವಾಗಿ ಆಡುವ ಮುದುಕ. "ಯಾರಮ್ಮ ನೀನು?" ಎಂದು ಕೇಳಿದರು.

"ವಿಮ್ಲೇಶ್ ಹೆಂಡ್ತಿ, ತುರಾಂಗಾ" ಎಂದಳು. ಕುಲದ ಹಿರಿಯರನ್ನು ಹಾಗೇ ಕರೆಯಬೇಕು.

"ಓಹೋ, ನನ್ ಹೆಸರಿಗೆ ನೀಲಿ ಬಣ್ಣ ಬಳಿಯೋನು! ವಾರಕ್ಕೊಂದ್ಸಲ ಫೋನಲ್ಲಿ ನನ್ನ ಕೂಗ್ತಾನೆ. ನನ್ನ ಬಾಗ್ಲು ಅವ್ನಿಗೆ ಗೊತ್ತಿಲ್ವಾ? ಬೇರಿನ ಕಟ್ಟಿನ ಫೋಟೋ ಬರುತ್ತೆ. ಫೋಟೋನ ಕುಟ್ಟಿ ಕುಡೀಲಾ ನಾನು?"

ಸುಭಾಷ್ನಿ ಚಾಪೆಯ ಮೇಲೆ ಮುಂದೆ ಸರಿದಳು. ಭಾರದ ಮೈಯನ್ನು ನಿಧಾನವಾಗಿ ಬಗ್ಗಿಸಿ, ಎರಡೂ ಕೈಯಿಂದ ಕಟ್ಟನ್ನು ಮುಂದಿಟ್ಟಳು. "ನೀರು ಬೇಕು ತುರಾಂಗಾ. ನಿಮ್ ಹೊಲದ ಅಂಚಲ್ಲಿ ದಾರಿ ಕೊಡಿ" ಎಂದಳು. ಮುದುಕ ಅವಳ ಮುಖವನ್ನೂ ಹೊಟ್ಟೆಯನ್ನೂ ನೋಡಿದರು. ಕಟ್ಟನ್ನು ಮುಟ್ಟಿದರು. ಅಂಗೈ ಗೂಡು ಮಾಡಿ ಚಪ್ಪಾಳೆ ತಟ್ಟಿದರು. ನನ್ನ ಜೀವ ಹಗುರಾಯಿತು.

ಆಮೇಲೆ ಅವರ ಮಗ ಕುಟ್ಟಲೆಂದು ರಿಬ್ಬನ್ನು ಬಿಚ್ಚಿದ. ಪೇಪರಿನೊಳಗೆ ಬೇರಿರಲಿಲ್ಲ. ಒಣ ಕಡ್ಡಿಗಳಿದ್ದವು. ಬೇರು ಪೂರ್ತಿ ಹೊಟ್ಟೆಗಿಳಿದ ಮೇಲೆ, ಮುಂದಿನ ಫೋಟೋಗೆ ಕಟ್ಟು ಸಪ್ಪಗೆ ಕಾಣಬಾರದೆಂದು ಬಿಸುನ್ ಕಾಕಾ ಬೇಲಿಯ ಪುಳ್ಳೆ ಮುರಿದು ತುಂಬಿಸಿದ್ದನೆಂದು ಆಮೇಲೆ ತಿಳಿಯಿತು.

ಕುಲದ ಹಿರಿಯರ ಚಾಪೆಯ ಮೇಲೆ ಬೇಲಿಯ ಪುಳ್ಳೆ ಇಟ್ಟಿದ್ದೆವು. ಇದಕ್ಕಿಂತ ದೊಡ್ಡ ಅವಮಾನ ಮಾಡಲು ನಮ್ಮ ಸೀಮೆಯಲ್ಲಿ ಬೇರೆ ದಾರಿಯಿಲ್ಲ. ಮಗನ ಮುಖ ಕೆಂಪಾಯಿತು. ನಾನು ನೆಲ ನೋಡಿದೆ. ಸುಭಾಷ್ನಿ ಮಾತ್ರ ತಲೆಯೆತ್ತಿದಳು.

"ನಂಗೊತ್ತಿರ್ಲಿಲ್ಲ ತುರಾಂಗಾ. ಬೇರು ನಮ್ ಗಂಡಸರ ಹೊಟ್ಟೇಲಿದೆ. ಅದನ್ನ ಕಲಸೋ ನೀರು ಹೊತ್ತೋಳು ನಾನೇ."

ಮುದುಕ ಒಂದು ಪುಳ್ಳೆ ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಮಗನಿಗೆ, "ಚಪ್ಪಾಳೆ ತಟ್ಟಾಗಿದೆ. ಕಡ್ಡಿ ಒಲೆಗ್ ಹಾಕು, ಇವ್ರಿಗೆ ಚಹಾ ಕಾಯಿಸು" ಎಂದರು. ನಮ್ಮ ಕಡೆ ತಿರುಗಿ, "ಪೈಪು ಹಾಕೋಕೆ ನನ್ ಮಕ್ಳು ಬರ್ತಾರೆ. ಮೊದಲ್ನೇ ನಲ್ಲಿ ಈ ಹುಡ್ಗಿ ಅಂಗಳದಲ್ಲಿ" ಎಂದರು. ಆ ಪುಳ್ಳೆಯಲ್ಲಿ ಕಾದ ನಿಂಬೆಸೊಪ್ಪಿನ ಚಹಾ ಕುಡಿದು ನಾವು ಇಳಿದು ಬಂದೆವು.

ಎಸಾಲಾ ಅವರ ಮಕ್ಕಳೂ ನನ್ನ ಗಂಡನೂ ಸೇರಿ ಪೈಪು ಎಳೆದರು. ನೀರು ಬಂದ ದಿನ ವಿಮ್ಲೇಶ ಇಸ್ತ್ರಿ ಅಂಗಿ ಹಾಕಿ, ನಲ್ಲಿಯ ತಲೆ ಮೇಲೆ ಕೈಯಿಟ್ಟು ಹಲ್ಲು ಕಿರಿದು ನಿಂತ. 'ನಮ್ಮ ಪೇಜಿನ ಗೆಲುವು, ಜನಶಕ್ತಿಗೆ ಜಯ.' ಆಕ್ಲೆಂಡಿನಿಂದ ಫೋನು ಬಂತು. "ಮಾಡೇಬಿಟ್ರಲ್ಲ ದೀದಿ ವಿಮ್ಲೇಶ್ ಭೈಯ್ಯಾ!" ನಾನು ಉಗಿಯಬೇಕಾದದ್ದನ್ನು ಉಗಿದು ಫೋನಿಟ್ಟೆ.

ಮುಂದಿನ ಗುರುವಾರ ಜಗಲಿಯಲ್ಲಿ ವಿಜಯೋತ್ಸವದ ಮೀಟಿಂಗು. ಬೇರು ಕುಟ್ಟಿ ಸಿದ್ಧವಾಗಿತ್ತು, ಮರದ ಬೋಗುಣಿ ನಡುವೆ ಇತ್ತು. ವಿಮ್ಲೇಶ ಕೂಗಿದ.

"ಸುಭಾಷ್ನೀ, ನೀರೂ!"

ಅವಳು ಬಾಗಿಲಲ್ಲಿ ಕಾಲು ಚಾಚಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಏಳಲಿಲ್ಲ. ಎಲ್ಲರಿಗೂ ಕೇಳುವಂತೆ, "ನಲ್ಲಿ ಅಲ್ಲೇ ಇದೆ" ಎಂದಳು.

ಅಂಗಳದ ನಲ್ಲಿ ಜಗಲಿಯ ಮೆಟ್ಟಿಲಿಗೆ ತಾಗಿದಂತಿದೆ. ವಿಮ್ಲೇಶ ಬಿಸುನ್ ಕಾಕಾನನ್ನು ನೋಡಿದ. ಕಾಕಾ ಪಕ್ಕದವನನ್ನು ನೋಡಿದ. ಪಕ್ಕದವನು ನಲ್ಲಿಯನ್ನು ನೋಡಿದ. ಯಾರು ಏಳಬೇಕೆಂದು ಚರ್ಚೆ ಶುರುವಾಯಿತು. ನಾನು ಕಿಟಕಿಯಲ್ಲಿ ನಿಂತು ಪೂರ್ತಿ ನೋಡಿದೆ. ಕತ್ತಲಾಗುವ ಹೊತ್ತಿಗೆ ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋದರು. ಬೋಗುಣಿ ಒಣಗಿಯೇ ಇತ್ತು.