ಹಿಂದಿನ ಸೀಟಿನ ಒಪ್ಪಿಗೆ

ಕತಾರಿನಲ್ಲಿ ಏನೇನು ನೋಡಿದಿರಿ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ, ನನ್ನ ಗಂಡನ ಬೆನ್ನು ನೋಡಿದೆ ಎನ್ನುತ್ತೇನೆ. ಅವರು ತಮಾಷೆ ಅಂದುಕೊಂಡು ನಗುತ್ತಾರೆ. ಐದು ಚಳಿಗಾಲ, ಶುಕ್ರವಾರ ತಪ್ಪದೆ, ಬೈಕಿನ ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದೇನೆ. ಕಪ್ಪು ಜಾಕೆಟ್ಟು, ಅದರ ಮೇಲೆ ಬಿಳಿ ಹೆಲ್ಮೆಟ್ಟು, ಹೆಲ್ಮೆಟ್ಟಿನ ಹಿಂಭಾಗದಲ್ಲಿ ಒಂದು ಹಸಿರು ಸ್ಟಿಕ್ಕರು: ಸೇಫ್ಟಿ ಫಸ್ಟ್. ಇವರು ಕಟ್ಟಡ ಕಟ್ಟುವ ಕಂಪೆನಿಯೊಂದರಲ್ಲಿ ಸೇಫ್ಟಿ ಆಫೀಸರ್ ಆಗಿದ್ದರು. ದಿನಾ ಬೆಳಿಗ್ಗೆ ಇನ್ನೂರು ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ ತಲೆ ಎಣಿಸುವುದು ಅವರ ಮೊದಲ ಕೆಲಸ, ಸಂಜೆ ಬಿಡುವಾಗ ಮತ್ತೊಮ್ಮೆ. ಒಂದು ತಲೆ ಕಡಿಮೆಯಾದರೂ ಬಸ್ಸು ಹೊರಡುವಂತಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ನನ್ನ ಮದುವೆ ಆ ಬದನೆಕಾಯಿಯ ಜೊತೆ ಆಗಿತ್ತು.

ನಾವಿದ್ದದ್ದು ಅಲ್ ಅಜೀಜಿಯಾದ ಒಂದು ವಿಲ್ಲಾದಲ್ಲಿ. ವಿಲ್ಲಾ ಅಂದರೆ ಊರಿನವರಿಗೆ ಅರಮನೆ. ನಿಜ ಏನೆಂದರೆ ಆ ಮನೆಯನ್ನು ಜಿಪ್ಸಮ್ ಹಲಗೆ ಹಾಕಿ ಐದು ಸಂಸಾರಗಳಿಗೆ ಹಂಚಿದ್ದರು. ನಮ್ಮ ಹಲಗೆಯ ಆಚೆ ಗೋವಾದ ದಂಪತಿ. ಅವರು ಕೆಮ್ಮಿದರೆ ನಮಗೆ ಕೇಳುತ್ತಿತ್ತು. ನಮ್ಮ ಮನೆಮಾತು ಕೊಂಕಣಿ, ಅವರದ್ದೂ ಕೊಂಕಣಿ. ಆದ್ದರಿಂದ ನಾವು ಪ್ರೀತಿಯನ್ನು ಕೊಂಕಣಿಯಲ್ಲೂ ಜಗಳವನ್ನು ಕನ್ನಡದಲ್ಲೂ ಇಟ್ಟುಕೊಂಡಿದ್ದೆವು. ಹೋಗಹೋಗುತ್ತಾ ನನ್ನ ಕನ್ನಡ ಬಹಳ ಸುಧಾರಿಸಿತು.

ಇವರ ಬೈಕು ಊರಿಗೆ ಹೊರಟ ಇಂಗ್ಲಿಷ್ ಎಂಜಿನಿಯರ್ ಒಬ್ಬನಿಂದ ಬಂದ ದೊಡ್ಡ ಜಪಾನಿ ಬೈಕು. ಇವರ ಹಾಗೇ ಮರುಳಾದ ನಮ್ಮ ಕಡೆಯ ನಾಲ್ಕೈದು ಮಂದಿ ಇದ್ದರು. ಶುಕ್ರವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಉಮ್ಮ್ ಸಲಾಲಿನ ಚಾದಂಗಡಿಯಲ್ಲಿ ಸೇರುವುದು, ಒಂದು ವಾರ ಉತ್ತರದ ತುದಿಗೆ, ಒಂದು ವಾರ ಪಶ್ಚಿಮದ ದುಖಾನಿಗೆ. ಇದಕ್ಕೆ ಟೂರಿಂಗ್ ಎಂದು ಹೆಸರು. ಆ ದೇಶದಲ್ಲಿ ಯಾವ ದಾರಿ ಹಿಡಿದರೂ ಒಂದೂವರೆ ಗಂಟೆಯಲ್ಲಿ ಸಮುದ್ರ ಬರುತ್ತದೆ, ಸಮುದ್ರ ಬಾರದಿದ್ದರೆ ಗಡಿ ಬರುತ್ತದೆ. ಗಡಿ ದಾಟಬೇಕಾದರೆ ಕೆಲಸಕ್ಕೆ ಕರೆಸಿಕೊಂಡ ಧಣಿ, ಆ ಕಫೀಲನ ಸಹಿ ಬೇಕು, ವೀಸಾ ಬೇಕು, ಬೈಕಿಗೆ ಬೇರೆ ಕಾಗದ ಬೇಕು. ಹೀಗಾಗಿ ನಾವು ಡಬ್ಬಿಯೊಳಗಿನ ಜಿರಳೆಯ ಹಾಗೆ ಆ ಅಂಚಿನಿಂದ ಈ ಅಂಚಿಗೆ ಓಡಾಡಿಕೊಂಡಿದ್ದೆವು. ಎರಡೂ ಬದಿಗೆ ಜಲ್ಲಿಕಲ್ಲಿನ ಬಯಲು, ನಡುವೆ ಒಂದು ಪೈಪ್‌ಲೈನು.

ಮೊದಲ ಚಳಿಗಾಲ ನನಗೂ ಇಷ್ಟವಾಗಿತ್ತು, ಸುಳ್ಳು ಹೇಳಲಾರೆ. ಮನೆಯಲ್ಲಿ ಇವರು ಮಾತಿಲ್ಲದ ಮನುಷ್ಯ. ಸೈಟಿನಿಂದ ಬಂದು ಊಟ ಮಾಡಿ ಮಲಗುವವರು. ಬೈಕು ಹತ್ತಿದ ಕೂಡಲೇ ಬಾಯಿ ಬರುತ್ತಿತ್ತು. ಹೆಲ್ಮೆಟ್ಟಿನ ಗಾಜು ಎತ್ತಿ, ಮುಂದೆ ನೋಡಿಕೊಂಡೇ, ಗಟ್ಟಿಯಾಗಿ ಮಾತಾಡುತ್ತಿದ್ದರು. ಬಾಲ್ಯದ್ದು, ತೀರಿಹೋದ ಅಪ್ಪನದ್ದು, ಮಾಡಬೇಕೆಂದಿರುವ ಮನೆಯದ್ದು. ಗಾಳಿಗೆ ಅರ್ಧ ಹಾರಿಹೋಗುತ್ತಿತ್ತು, ಅರ್ಧ ಕೇಳುತ್ತಿತ್ತು. ನನ್ನ ದನಿ ಅವರಿಗೆ ತಲುಪುತ್ತಿರಲಿಲ್ಲವಾದ್ದರಿಂದ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಭುಜಕ್ಕೆ ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಬೇಡ. ಏನಾದರೂ ಕೇಳಿ, ನನ್ನ ಕೈ ಭುಜಕ್ಕೆ ಬೀಳುವವರೆಗೆ ಅವರು ಕಾಯುತ್ತಿದ್ದರು. ಆ ಕಾಯುವಿಕೆಗೇ ನಾನು ಮರುಳಾಗಿದ್ದೆ.

ಮೂರನೆಯ ಚಳಿಗಾಲಕ್ಕೆ ಕಾಯುವುದು ನಿಂತಿತು. ಕೇಳುವುದು, ಉತ್ತರವನ್ನೂ ತಾವೇ ಕೊಟ್ಟುಕೊಳ್ಳುವುದು, ಮುಂದಿನ ವಿಷಯಕ್ಕೆ ಹೋಗುವುದು. ನಾನು ಎರಡು ಸಲ ತಟ್ಟಿದರೂ ಸಮುದ್ರದ ಕಡೆಗೇ ತಿರುಗಿಸಿದ್ದುಂಟು. ಅಷ್ಟರಲ್ಲಿ ನನ್ನ ಸೊಂಟ ಕೂಡ ಕೈಕೊಟ್ಟಿತ್ತು. ಶನಿವಾರ ನಾನು ಕೆಲಸಕ್ಕಿದ್ದ ಆಫೀಸಿನಲ್ಲಿ ಕುರ್ಚಿಯಿಂದ ಏಳಲು ಮೇಜು ಹಿಡಿಯಬೇಕಾಗುತ್ತಿತ್ತು. ಕೆಲಸ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ನಮ್ಮ ಕಡೆಯ ಪೇಪರು ಓದುತ್ತಿದ್ದೆ. ನನಗೊಂದು ಹೆಸರಿದೆ ಎಂದು ಗೊತ್ತಾದದ್ದು ಅಲ್ಲಿ. ಸಹಸವಾರೆ. "ಸವಾರ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾಗಿದ್ದು, ಸಹಸವಾರೆ ಸ್ಥಳದಲ್ಲೇ ಮೃತಪಟ್ಟಿದ್ದಾರೆ." ಈ ಶಬ್ದ ಬೇರೆ ಯಾವ ಸುದ್ದಿಯಲ್ಲೂ ಬರುವುದಿಲ್ಲ. ಸಹಸವಾರೆ ಕ್ಷೇಮವಾಗಿ ಊರು ಮುಟ್ಟಿ ಊಟ ಮಾಡಿದಳು ಎಂದು ಯಾವ ಪೇಪರೂ ಬರೆದದ್ದಿಲ್ಲ.

ಐದನೆಯ ಚಳಿಗಾಲದಲ್ಲಿ ಹಳೆಯ ಬೈಕಿನ ಗೇರು ಸಿಕ್ಕಿಹಾಕಿಕೊಳ್ಳತೊಡಗಿತು. ಟೂರಿಂಗ್ ಇಲ್ಲಿಗೆ ನಿಲ್ಲಿಸುವುದೋ, ಬೇರೆ ಬೈಕು ತೆಗೆದುಕೊಂಡು ಮುಂದುವರಿಸುವುದೋ, ಮುಂದುವರಿಸಿದರೆ ಯಾವ ಬೈಕು ಎಂಬ ಪ್ರಶ್ನೆ ಮನೆಯಲ್ಲಿ ಬಂದು ಕೂತಿತು. ಇವರು ಇಡೀ ದೋಹಾವನ್ನು ಕೇಳಿದರು. ಮೆಕ್ಯಾನಿಕ್ಕನ್ನು ಕೇಳಿದರು, ಗೆಳೆಯರನ್ನು ಕೇಳಿದರು, ಪಾದ್ರಿಗಳನ್ನೂ ಕೇಳಿದರು. ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಹೇಳಿದರು. ಜರ್ಮನಿಯದ್ದು ಎತ್ತರ, ಹತ್ತಬೇಕಾದರೆ ತೆಂಗಿನಮರಕ್ಕೆ ಕಾಲು ಕೊಟ್ಟ ಹಾಗೆ. ಅಮೆರಿಕದ್ದರ ಹಿಂದಿನ ಸೀಟು ಒಂದು ಕೈಯಗಲ. ಜಪಾನಿನ ಹೊಸದು ಭಾರ. ಇವೆಲ್ಲವನ್ನೂ ಕಂಪ್ಯೂಟರಿನಲ್ಲಿ ಚೌಕ ಚೌಕ ಹಾಕಿ ಒಂದು ಪಟ್ಟಿ ಮಾಡಿದ್ದರು. ಕೊನೆಯ ಚೌಕದ ಹೆಸರು 'ಪಿಲಿಯನ್ ಮತ್ತು ಲಗೇಜ್'. ನಾನೂ ಡೇರೆಯೂ ನೀರಿನ ಕ್ಯಾನೂ ಒಂದೇ ಚೌಕದಲ್ಲಿದ್ದೆವು. ಆ ಇಡೀ ವಿಚಾರಣೆಯಲ್ಲಿ ನನಗೆ ಬಂದ ಪ್ರಶ್ನೆ ಒಂದೇ.

"ನಿನ್ನ ತೂಕ ಈಗ ಎಷ್ಟುಂಟು ಮಾರಾಯ್ತಿ?"

ಯಾವ ಬೈಕಿಗೂ ಒಗ್ಗದಿರಲಿ ಎಂದು ಹತ್ತು ಕಿಲೋ ಸೇರಿಸಿ ಹೇಳಿದೆ. ಇವರು ಲಗೇಜಿನಲ್ಲಿ ಹತ್ತು ಕಿಲೋ ಕಡಿಮೆ ಮಾಡಿದರು.

ಆ ವಾರ ನಾನು ನಿಶ್ಚಯ ಮಾಡಿದೆ. ಶುಕ್ರವಾರ ದುಖಾನಿನಲ್ಲಿ, ಊಟದ ನಂತರ, ಎಲ್ಲರಿಂದ ಸ್ವಲ್ಪ ದೂರ ಕರೆದುಕೊಂಡು ಹೋಗಿ ಹೇಳುವುದು: ಖಲಾಸ್, ಇನ್ನು ನಾನು ಹತ್ತುವುದಿಲ್ಲ, ನಿಮಗೆ ಬೈಕು ಬೇಕಾದರೆ ನಿಮಗೊಬ್ಬರಿಗೆ ನೋಡಿಕೊಳ್ಳಿ. ಇಷ್ಟನ್ನು ಹೇಳಲು ನನಗೆ ಧೈರ್ಯ ಬೇಕಿತ್ತು. ಆ ಬೈಕಿನಿಂದ ಇಳಿದರೆ ನಮ್ಮಿಬ್ಬರ ನಡುವೆ ಉಳಿಯುವ ಮಾತು ಎಷ್ಟೆಂದು ನನಗೆ ಗೊತ್ತಿತ್ತು. ಹೆದರಿಕೆ ಅದರದ್ದೇ.

ದಾರಿಯಲ್ಲಿ ಶಹಾನಿಯಾದ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದರು. ಉಳಿದವರು ಮುಂದೆ ಹೋಗಿದ್ದರು. ನಾನು ಇಳಿದು ನೀರು ತಂದೆ. ನೀರಿನ ಬಾಟಲಿಯನ್ನೂ ನನ್ನ ಕೈಚೀಲವನ್ನೂ ಬೈಕಿನ ಹಿಂದಿನ ಪೆಟ್ಟಿಗೆಗೆ ಹಾಕಿ, ಮುಚ್ಚಳ ಕೂರದ್ದಕ್ಕೆ ಎರಡೂ ಕೈಯಿಂದ ಬಲವಾಗಿ ಒತ್ತಿದೆ. ನಾನು ಹತ್ತಿ ಕೂತಾಗ ಕುಕ್ಕುವ ಹಾಗೇ ಬೈಕು ಕುಕ್ಕಿತು. ಇವರು "ಯಲ್ಲಾ", ಹೊರಡುವ, ಎಂದರು, ಹೊರಟೇಹೋದರು.

ಮೊದಲು ಆಟ ಆಡುತ್ತಿದ್ದಾರೆ ಅಂದುಕೊಂಡೆ. ಬೈಕು ಹೆದ್ದಾರಿಗೆ ಸೇರಿತು. ಗೇರು ಬದಲಾದ ಸದ್ದು ಕೇಳಿತು. ಹೆಲ್ಮೆಟ್ಟಿನ ತಲೆ ಆಚೀಚೆ ಅಲ್ಲಾಡುತ್ತಿದ್ದುದು ಅಷ್ಟು ದೂರದಿಂದಲೂ ಕಂಡಿತು. ಮಾತು ಶುರುವಾಗಿತ್ತು. ನಾನು ಹೆಲ್ಮೆಟ್ ಕೈಯಲ್ಲಿ ಹಿಡಿದು ಪೆಟ್ರೋಲಿನ ವಾಸನೆಯಲ್ಲಿ ನಿಂತಿದ್ದೆ. ಫೋನು ಚೀಲದಲ್ಲಿ. ಗುರುತಿನ ಕಾರ್ಡು ಚೀಲದಲ್ಲಿ. ಪೊಲೀಸರು ಬಂದು ಬತಾಕಾ ಎಲ್ಲಿ ಎಂದು ಕೇಳಿದರೆ ತೋರಿಸಲು ನನ್ನ ಹತ್ತಿರ ಇದ್ದದ್ದು ಒಂದು ಹೆಲ್ಮೆಟ್ಟು. ಇವರ ನಂಬರು ಬಾಯಿಪಾಠ ಇತ್ತು, ಆದರೆ ಓಡಿಸುವಾಗ ಇವರು ಫೋನು ಬಂದ್ ಮಾಡುತ್ತಾರೆ. ಸೇಫ್ಟಿ.

ಪಂಪಿನ ಮಲಯಾಳಿ, ಮೀಸೆ ಪೂರಾ ನರೆತ ಮನುಷ್ಯ, ಎಲ್ಲವನ್ನೂ ನೋಡಿದ್ದ. ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನೆರಳಿಗೆ ಹಾಕಿದ.

"ಭರ್ತಾವ್ ಪೋಯೋ ಮೋಳೇ?" ಎಂದ. ಗಂಡ ಹೋದನಾ ಮಗಳೇ, ಎಂದು.

"ಪೋಯಿ" ಎಂದೆ.

ಒಂದು ಗಂಟೆ ಕೂತೆ. ಟಯರಿಗೆ ಗಾಳಿ ಹಾಕಿಸಲು ಬಂದವರೆಲ್ಲ ಹೆಲ್ಮೆಟ್ ಹಿಡಿದು ಕೂತ ಹೆಂಗಸನ್ನು ನೋಡಿಕೊಂಡು ಹೋದರು. ಕೊನೆಗೆ ಬೈಕು ಬಂತು. ನಲವತ್ತು ಕಿಲೋಮೀಟರ್ ಆಚೆ ಗೆಳೆಯರು ಕಾಯುತ್ತಿದ್ದ ತಿರುವಿನಲ್ಲಿ ನಿಲ್ಲಿಸಿ "ಇಳಿ" ಎಂದರಂತೆ. ಅಕ್ಕ ಎಲ್ಲಿ ಎಂದು ಗೆಳೆಯರು ಕೇಳಿದ ಮೇಲೆ ಹಿಂದೆ ತಿರುಗಿದರಂತೆ. ನನ್ನ ಮುಂದೆ ನಿಂತು, ಗಾಜು ಎತ್ತಿ, ಇವರು ಆಡಿದ ಮೊದಲ ಮಾತು ಇದು:

"ಹತ್ಲಿಲ್ಲ ಅಂತ ಹೇಳ್ಬೇಕಲ್ಲ?"

"ಯಾರಿಗೆ ಹೇಳ್ಲಿ?"

"ಬೊಬ್ಬೆ ಹೊಡೀಬಹುದಿತ್ತು."

ನಾನು ಹತ್ತಿ ಕೂತೆ. ಮನೆಗೆ ಹೋಗಲು ಬೇರೆ ದಾರಿ ಇರಲಿಲ್ಲ. ದುಖಾನಿಗೆ ಹೋಗುವುದು ಬೇಡ ಎಂದೆ. ಎಂದೂ ಇಲ್ಲದೆ ಒಪ್ಪಿದರು. ವಾಪಸು ಬರುವಾಗ ಇವರು ಮಾತಾಡಲಿಲ್ಲ, ನಾನು ಹೇಳಬೇಕೆಂದಿದ್ದನ್ನು ಹೇಳಲಿಲ್ಲ.

ಎರಡು ವಾರದಲ್ಲಿ ಅದು ತಮಾಷೆಯಾಯಿತು. ಇವರೇ ಮಾಡಿದರು. ಹಳೇ ಪೇಟೆ ಸೂಕ್ ವಾಕಿಫ್‌ನಲ್ಲಿ ಗೆಳೆಯರ ಜೊತೆ ಕೂತಾಗಲೆಲ್ಲ ಯಾರಾದರೂ ಹೊಸಬರಿದ್ದರೆ ಕತೆ ಶುರು. "ನಲವತ್ತು ಕಿಲೋಮೀಟರ್ ಮಾರಾಯ್ರೆ, ನಾನು ಮಾತಾಡಿದ್ದೇ ಮಾತಾಡಿದ್ದು. ಒಂದು ಎದುರುಮಾತಿಲ್ಲ. ಆಗ್ಲೇ ಡೌಟ್ ಬರ್ಬೇಕಿತ್ತು ನಂಗೆ!" ಎಲ್ಲರೂ ಮೇಜು ಗುದ್ದಿ ನಗುತ್ತಿದ್ದರು. ಅವರ ಹೆಂಡತಿಯರೂ ನಗುತ್ತಿದ್ದರು. ನಾನು ಚಾ ಲೋಟವನ್ನು ತಿರುಗಿಸುತ್ತಾ ಕೂತಿರುತ್ತಿದ್ದೆ. ಆ ದಿನಗಳಲ್ಲಿ ನನಗೆ ಇವರ ಮೇಲೆ ಇದ್ದದ್ದು ಸಿಟ್ಟಲ್ಲ, ಹಗೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಇವರು ನಗುವಾಗ ಕಾಣುವ ಹಲ್ಲನ್ನೂ ದ್ವೇಷಿಸಿದೆ.

ಒಂದು ಸಂಜೆ ಸೈಟಿನಿಂದ ಬಂದವರು ಬೂಟು ಬಿಚ್ಚುತ್ತಾ ಹೇಳಿದರು.

"ಬುಕ್ ಮಾಡಿ ಬಂದೆ. ಜರ್ಮನಿಯದ್ದು. ಮುಂದಿನ ವಾರ ಕೊಡ್ತಾರೆ."

ನಾನು ತರಕಾರಿ ಹೆಚ್ಚುತ್ತಿದ್ದೆ. ಚೂರಿ ಕೆಳಗಿಟ್ಟೆ. ಜಗಳವೆಂದು ಗೊತ್ತಿದ್ದರಿಂದ ಕನ್ನಡದಲ್ಲೇ ಕೇಳಿದೆ. ಕನ್ನಡಕ್ಕೆ ಬಂದರೆ ನನ್ನ ಬಾಯಿಗೆ ಇವರು 'ನೀವು' ಆಗುತ್ತಿದ್ದರು.

"ನೀವು ನನ್ನನ್ನು ಕೇಳಿದ್ರಾ?"

"ಕೇಳಿದೆನಲ್ಲ."

"ಯಾವಾಗ?"

"ದುಖಾನ್ ರೋಡಲ್ಲಿ. ಎಲ್ಲಾ ಹೇಳಿದೆ ನಿಂಗೆ. ಗೇರ್ ಹೋಯ್ತು, ಮುಂದಿನ ವರ್ಷವೂ ಟೂರಿಂಗ್ ಮಾಡುವನಾ, ಮಾಡುವುದಾದ್ರೆ ಎತ್ತರದ್ದು ತಗೊಳ್ಳುವನಾ ಅಂತ. ಎರಡೆರಡು ಸಲ ಕೇಳಿದೆ. ನೀನು ಬೇಡ ಅನ್ಲಿಲ್ಲ."

"ಯಾವ ಶುಕ್ರವಾರ?"

ಇವರು ಬಾಯಿ ತೆರೆದರು. ಬೂಟಿನ ಲೇಸು ಕೈಯಲ್ಲಿ ಹಾಗೇ ನಿಂತಿತು. ಇವರಿಗೆ ಗೊತ್ತಾಗುವುದನ್ನು ನಾನು ನೋಡುತ್ತಾ ನಿಂತೆ. ಆದರೆ ಗೊತ್ತಾದ ಮೇಲೂ ಮನುಷ್ಯ ಸೋಲಬೇಕಲ್ಲ.

"ಬೇಡ ಅಂತ ಇದ್ರೆ ಎರಡು ಸಲ ತಟ್ಟುದಲ್ವಾ ನೀನು? ತಟ್ಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತ ಮಾಡಿದೆ."

"ನಾನು ಪೆಟ್ರೋಲ್ ಪಂಪಲ್ಲಿದ್ದೆ."

"ಅದು ನಂಗೆ ಹೇಗೆ ಗೊತ್ತಾಗ್ಬೇಕು?"

ಐದು ಚಳಿಗಾಲದ ಉತ್ತರ ಆ ಒಂದು ವಾಕ್ಯದಲ್ಲಿತ್ತು. ನಾನು ಹಿಂದೆ ಇದ್ದರೂ ಇಲ್ಲದಿದ್ದರೂ ಇವರಿಗೆ ಗೊತ್ತಾಗುತ್ತಿರಲಿಲ್ಲ. ನಲವತ್ತು ಕಿಲೋಮೀಟರ್ ಖಾಲಿ ಸೀಟನ್ನು ಕೇಳಿ, ಖಾಲಿ ಸೀಟಿನ ಒಪ್ಪಿಗೆ ಪಡೆದು, ಬೈಕು ಬುಕ್ ಮಾಡಿ ಬಂದಿದ್ದರು. ಆ ಸೀಟು ನನಗಿಂತ ಒಳ್ಳೆಯ ಹೆಂಡತಿ. ಅದಕ್ಕೆ ಸೊಂಟನೋವೂ ಇರಲಿಲ್ಲ.

ಆಗ ನಾನು ಕನ್ನಡ ಬಿಟ್ಟೆ. ಮದುವೆಯಾದ ಮೇಲೆ ಮೊದಲ ಸಲ ಜಗಳವನ್ನು ಕೊಂಕಣಿಗೆ ತಂದೆ, ಅದೂ ಗಟ್ಟಿಯಾಗಿ, ಹಲಗೆಯ ಆಚೆಗೂ ಕೇಳಲಿ ಎಂದೇ.

"ಹಾಂವ್ ಯೇನಾ!" ಎಂದೆ. ನಾನು ಬರುವುದಿಲ್ಲ.

"ಹಳೂ ಉಲಯ್" ಎಂದರು, ಮೆಲ್ಲ ಮಾತಾಡು ಎಂದು, ಗೋಡೆಯ ಕಡೆ ಕಣ್ಣು ತೋರಿಸುತ್ತಾ.

ನಾನು ಮೆಲ್ಲ ಮಾತಾಡಲಿಲ್ಲ. ಶಹಾನಿಯಾದ ಕುರ್ಚಿಯಿಂದ ಹಿಡಿದು ಪಟ್ಟಿಯ ಚೌಕದವರೆಗೆ, ಸೂಕ್‌ನಲ್ಲಿ ನಕ್ಕ ನಗುವಿನವರೆಗೆ ಎಲ್ಲವನ್ನೂ ಮನೆಮಾತಿನಲ್ಲಿ ಹೇಳಿದೆ. ಆಚೆಕಡೆ ಟೀವಿಯ ಸದ್ದು ನಿಂತಿತು. ಗೋವಾದವರು ಪೂರ್ತಿ ಕೇಳಿದರು. ಕೊನೆಗೂ ನನ್ನ ಮಾತನ್ನು ಯಾರೋ ಕೇಳುತ್ತಿದ್ದಾರೆ ಎಂದು ನನಗೆ ಸಮಾಧಾನವೇ ಆಯಿತು. ಇವರು ಒಂದು ಕಾಲಿನ ಬೂಟು ಬಿಚ್ಚಿಕೊಂಡು, ಇನ್ನೊಂದು ಹಾಕಿಕೊಂಡೇ ಕೂತಿದ್ದರು.

ಹೊಸ ಬೈಕು ಬಂತು. ಶುಕ್ರವಾರ ಪೂಜೆ ಮುಗಿಸಿ ಬಂದು ಇವರು ಜಾಕೆಟ್ಟು ಹಾಕಿಕೊಂಡರು. ಎರಡು ಹೆಲ್ಮೆಟ್ಟು ಹಿಡಿದು ಹೊರಗೆ ಹೋದರು. ನಾನು ಅಡಿಗೆಮನೆಯ ಕಿಟಕಿಯಲ್ಲಿ ನಿಂತೆ. ಬೈಕು ನಿಜವಾಗಿ ಎತ್ತರವಿತ್ತು. ಇವರು ಕಾಲು ಹಾಕಿ ಹತ್ತಿದರು, ಸ್ಟಾರ್ಟ್ ಮಾಡಿದರು, ಗೇಟಿನವರೆಗೆ ಹೋದರು. ಅಲ್ಲಿ ನಿಂತು ಹಿಂದೆ ತಿರುಗಿ ಸೀಟನ್ನು ನೋಡಿದರು. ಐದು ಚಳಿಗಾಲದಲ್ಲಿ ಹೊರಡುವ ಮುಂಚೆ ಇವರು ಹಿಂದೆ ನೋಡಿದ್ದು ಅದೇ ಮೊದಲು. ಆಮೇಲೆ ತಲೆಯೆತ್ತಿ ಕಿಟಕಿಯತ್ತ ನೋಡಿ, ನನ್ನ ಹೆಲ್ಮೆಟ್ಟನ್ನು ಮೇಲಕ್ಕೆ ಹಿಡಿದು ತೋರಿಸಿದರು. ಬರ್ತೀಯಾ, ಎಂದು.

ಕೈ ಕೆಳಗಿಳಿಸದೆ ಕಾಯುತ್ತಾ ನಿಂತರು, ಮೊದಲ ಚಳಿಗಾಲದ ಹಾಗೆ.

ನಾನು ಗಾಜಿಗೆ ಎರಡು ಸಲ ತಟ್ಟಿದೆ.