ತೂತು ಮುಚ್ಚಿದ ಕೈ

ಕಿಟಕಿಗೆ ಇನ್ನೂ ಬೆಳಕು ಬಂದಿಲ್ಲ. ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಚಿಪ್ಪಿನಕ್ಕ ಆಗಲೇ ಕೂತಿದ್ದಾರೆ. ಮುಂದೆ ಉಗುರುಬೆಚ್ಚಗಿನ ನೀರಿನ ಬಟ್ಟಲು, ಹಲ್ಲುಕಡ್ಡಿಗಳ ಡಬ್ಬಿ. ನೆನೆದ ಚಿಪ್ಪೊಂದನ್ನು ಎತ್ತಿ, ಮಗುವಿನ ಕಿವಿ ಒರೆಸುವಷ್ಟು ಹಗುರವಾಗಿ ಅದರ ನೆತ್ತಿಯ ಪ್ಲಾಸ್ಟರ್ ಕೆದಕುತ್ತಾರೆ. ತಿರುಗಿಸಿ ನೋಡುತ್ತಾರೆ. ಮತ್ತೆ ತಿರುಗಿಸುತ್ತಾರೆ.

"ಈ ತೂತು ಅದರದ್ದೋ, ಒಡೆದದ್ದೋ? ನನ್ನ ತಲೆಯೇ ಕೆಟ್ಟುಹೋಗಿದೆ ನೋಡಿ."

ಒಡೆದ ಚಿಪ್ಪುಗಳನ್ನು ಸರಿಪಡಿಸುವುದು ಅವರ ಹತ್ತೊಂಬತ್ತು ವರ್ಷದ ಕೆಲಸ. ದಿನಕ್ಕೆ ಎಂಟು, ಕೈ ಚೆನ್ನಾಗಿ ಓಡಿದರೆ ಹತ್ತು. ಗಂಡ ತೀರಿಕೊಂಡಾಗ ಕಸ ಗುಡಿಸಲು ಸೇರಿದವರು. ಯಾರೋ ಬೀಳಿಸಿದ ಹೂಜಿಯನ್ನು ಅವರು ಅಂಟಿಸಿದ ಚೆಂದ ನೋಡಿ ಮೇಲಿನವರು ಕೈಗೆ ಕುಂಚ ಕೊಟ್ಟರು. ಅವರು ಹಾಕಿದ ತೇಪೆ ಎಲ್ಲಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಈಗ ಎಡವಟ್ಟಾಗಿರುವುದೂ ಅದರಿಂದಲೇ.

ಹೊಸತರಲ್ಲಿ ಅವರಿಗೆ ಐವತ್ಮೂರು ಚಿಪ್ಪುಗಳ ಪೆಟ್ಟಿಗೆಯೊಂದು ಬಂದಿತ್ತು. ಬಂಡೆಗೆ ಕಚ್ಚಿಕೊಂಡು ಬದುಕುವ ಕಡಲ ಬಸವನಹುಳುಗಳವು; ಪುಟ್ಟ ಟೋಪಿಯಂಥವು, ನೆತ್ತಿಯಿಂದ ಸುತ್ತಲೂ ಇಳಿದ ಏಣುಗಳು. ಎಲ್ಲದರ ನೆತ್ತಿಯಲ್ಲೂ ಬೀಗದ ಕೈ ತೂರುವಂಥ ತೂತು. ಅಯ್ಯೋ ಪಾಪ ಎಂದು ಐವತ್ಮೂರನ್ನೂ ಪ್ಲಾಸ್ಟರ್‌ನಿಂದ ಮುಚ್ಚಿ, ಬಣ್ಣ ಹೊಂದಿಸಿಬಿಟ್ಟರು. ಕೆಲವು ನಿಜಕ್ಕೂ ಒಡೆದಿದ್ದವು. ಉಳಿದವಕ್ಕೆ ಆ ತೂತು ಹುಟ್ಟಿನಿಂದ ಬಂದದ್ದು. ಉಸಿರಾಡಿದ ನೀರನ್ನು ಹುಳು ಹೊರಬಿಡುವುದೇ ಅಲ್ಲಿಂದ.

"ಪಾಪ, ಅದರ ಹಿತ್ತಿಲ ಬಾಗಿಲಿಗೇ ಗೋಡೆ ಕಟ್ಟಿದ್ದೀಯಲ್ಲಮ್ಮಾ!" ಎಂದು ಮಗಳು ಮನೆಯಲ್ಲಿ ಬಿದ್ದು ಬಿದ್ದು ನಗುತ್ತಾಳೆ. ಅಮ್ಮನಿಗೆ ಮಾತ್ರ ಊಟ ಸೇರುತ್ತಿಲ್ಲ. ಶುಕ್ರವಾರದೊಳಗೆ ಹುಟ್ಟುತೂತಿನವೂ ಒಡೆದವೂ ಬೇರೆಯಾಗದಿದ್ದರೆ ಇಡೀ ಪೆಟ್ಟಿಗೆ ಸಂಗ್ರಹದಿಂದ ಹೊರಕ್ಕೆ. ಇವತ್ತೇ ಶುಕ್ರವಾರ.

ತಪ್ಪು ಕಂಡುಹಿಡಿದ ಹೊಸ ಅಧಿಕಾರಿ ಮೇಡಂ ಗುರುತನ್ನೂ ಹೇಳಿಕೊಟ್ಟಿದ್ದಾರೆ. ಈ ಕುಲದ ಚಿಪ್ಪಿನ ಒಳಮೈಯಲ್ಲಿ ತೂತಿನ ಸುತ್ತ ನುಣುಪಾದ ದಪ್ಪ ಬಳೆಯಿರುತ್ತದೆ. ಅದರ ಹಿಂಬದಿ ಮಾತ್ರ ಕತ್ತರಿಸಿದಂತೆ ನೇರ. ಒಡೆದದ್ದಾದರೆ ಅಂಚು ಒರಟು. "ಕಣ್ಣನ್ನ ನಂಬಬೇಡಿ ಅಕ್ಕಾ, ಬೆರಳಾಡಿಸಿ ನೋಡಿ."

ಮಧ್ಯಾಹ್ನದ ಹೊತ್ತಿಗೆ, ವಾರವಿಡೀ ಕೆದಕಿದವೂ ಸೇರಿ, ಬಳೆಯವು ಮೂವತ್ತೆಂಟು, ಒಡೆದವು ಹದಿನಾಲ್ಕು. ಕೈಯಲ್ಲಿ ಕೊನೆಯದೊಂದು. ಅದರಲ್ಲಿ ಬಳೆ ಅರ್ಧವಿದೆ, ಇನ್ನರ್ಧ ಮುರಿದಿದೆ.

"ತೂತೂ ಅದರದ್ದೇ, ಒಡೆದಿರೋದೂ ನಿಜ. ಒಡೆದ ತೂತನ್ನ ಹೇಗೆ ಸರಿ ಮಾಡ್ಲಿ ಮೇಡಂ? ತುಂಬಿದ್ರೂ ತಪ್ಪು, ಬಿಟ್ರೂ ತಪ್ಪು."

"ನಂಗೂ ಗೊತ್ತಾಗ್ತಿಲ್ಲ ಅಕ್ಕಾ," ಮೇಡಂ ನಗುತ್ತಾರೆ. "ಹಾಗೇ ಇಡಿ. ಪೆಟ್ಟಿಗೆ ಇನ್ನು ಎಲ್ಲೂ ಹೋಗಲ್ಲ."

ಚಿಪ್ಪಿನಕ್ಕ ಅದನ್ನು ಹತ್ತಿಯ ಮೇಲೆ ಮಲಗಿಸುತ್ತಾರೆ. ಮುಚ್ಚಳ ಹಾಕುವ ಮುನ್ನ ಒಂದೇ ಒಂದು ಕೇಳಿಕೆ.

"ತೂತು ಇವುಗಳದ್ದೇ ಅಂತ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೀರಿ ಮೇಡಂ. ನನ್ನಂಥ ಇನ್ನೊಬ್ಬಳು ಬಂದು, ಪಾಪ ಅಂದ್ಕೊಂಡು ಮುಚ್ಚಿಬಿಟ್ಟಾಳು."