ಮಲ್ಲಪ್ಪ ಆರಿಸಿದ ಪೆಟ್ಟಿಗೆ

"ಮಾಸ್ತರ, ಇದರಾಗ ಸಣ್ಣ ತಂತಿ ದನೀನ ಬರವಲ್ದಲ್ರೀ!"

ಗೆಳೆಯರೇ, ಇವತ್ತು ಮಧ್ಯಾಹ್ನ ಜಮಖಂಡಿಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಮಲ್ಲಪ್ಪ ಹೀಗೆಂದಾಗ ನಾನು ಬೆಚ್ಚಿಬಿದ್ದೆ. ಅವನು ನಮ್ಮ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವ. ಹದಿನೈದು ವರ್ಷಗಳಿಂದ ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುತ್ತಾನೆ. ಅವನ ಗಿಟಾರಿಗೆಂದೇ ಅಂಗಡಿಯ ಮಾಸ್ತರು ದನಿ ಹೆಚ್ಚಿಸುವ ಎರಡು ವಾಲ್ವ್ ಆಂಪ್ಲಿಫೈಯರ್ ಪೆಟ್ಟಿಗೆಗಳನ್ನು ಕೈಯಾರೆ ಮಾಡಿದ್ದರು. ಒಂದನ್ನು ಆರಿಸಬೇಕಿತ್ತು.

ಮೊದಲನೆಯದರಲ್ಲಿ ಆ ಸಣ್ಣ ತಂತಿ ಎಷ್ಟು ಸ್ಪಷ್ಟವಾಗಿ ನುಡಿದಿತ್ತೆಂದರೆ, ಎದುರಿನ ಅಂಗಡಿಯ ದರ್ಜಿ ಹೊಲಿಗೆ ನಿಲ್ಲಿಸಿ ತಲೆ ಎತ್ತಿದ್ದ. ಮಾಸ್ತರು ಒಂದು ವಾಲ್ವ್ ಬದಲಿಸಿದರು. "ಈಗ ಬಾರಿಸು, ನೋಡೂಣು."

ಮಲ್ಲಪ್ಪ ಮೀಟಿದ. ದರ್ಜಿ ಮತ್ತೆ ತಲೆ ಎತ್ತಿದ. ಮಲ್ಲಪ್ಪ ಮಾತ್ರ, "ಊಹೂಂ, ಸತ್ತಂಗ ಐತ್ರಿ" ಎಂದ.

ಎರಡನೆಯದರ ದನಿ ಗೊಗ್ಗರು. ಅದು ಮಾಸ್ತರಿಗೇ ಮನಸ್ಸಿಗೆ ಬಂದಿರಲಿಲ್ಲ. ಮಲ್ಲಪ್ಪ ತಂತಿ ಮೀಟಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಮಗ್ಗದ ಗದ್ದಲದಲ್ಲಿ ಅವನು ಹೀಗೆಯೇ ಚೌಕಟ್ಟಿನ ಮೇಲೆ ಕೈಯಿಟ್ಟು ಮಗ್ಗ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ನೋಡುತ್ತಾನೆ. ಅವನ ಮುಖ ಅರಳಿತು.

"ಹಾಂ! ಇದು ಖರೆ ನುಡೀತೈತಿ ನೋಡ್ರಿ. ಇದನ್ನ ಕೊಡ್ರಿ."

ಮಾಸ್ತರು ಅದನ್ನೇ ಗೋಣಿಚೀಲದಲ್ಲಿ ಸುತ್ತಿದರು. ಹಗ್ಗ ಬಿಗಿಯುತ್ತ ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಕೆಟ್ಟದ್ದು ನನ್ನ ಪೆಟ್ಟಿಗಿ ಅಲ್ಲಪಾ, ಅವನ ಕಿವಿ."

ಮಲ್ಲಪ್ಪ ನಮ್ಮಿಬ್ಬರ ಮಗ್ಗುಲಲ್ಲೇ ನಿಂತು, ನಗುತ್ತ ಗಿಟಾರಿನ ತಂತಿ ಒರೆಸುತ್ತಿದ್ದ. ಮಾಸ್ತರು ಅಷ್ಟು ಮೆಲ್ಲಗೆ ಹೇಳುವ ಅಗತ್ಯವೇನೂ ಇರಲಿಲ್ಲ.